ಎರಡು ಮೀಟರ್ ರಸ್ತೆಗೆ ಎಷ್ಟು ಹೆಣ?

ಹೆಲ್ಮೆಟ್ ಹಾಕಿಕೋ ಅನ್ನುತ್ತಾರೆ. ಹಿಂದೆ ಕೆಂಪು ಲೈಟು ಹಚ್ಚಿಕೋ, ಮಿಂಚುವ ಜಾಕೆಟ್ಟು ತೊಟ್ಟುಕೋ, ಎಡಗಡೆಯ ಅಂಚು ಬಿಡಬೇಡ, ಕತ್ತಲಾದ ಮೇಲೆ ರಸ್ತೆಗಿಳಿಯಬೇಡ. ಸೈಕಲ್ ತುಳಿಯುವವನೊಬ್ಬ ಸತ್ತಾಗಲೆಲ್ಲ ಇನ್ನೂ ಬದುಕಿರುವ ಸೈಕಲ್‌ನವರಿಗೆ ಇದೇ ಬುದ್ಧಿಮಾತು. ಟಿಪ್ಪರ್ ನುಗ್ಗಿಸಿದವನಿಗೆ ಯಾರೂ ಹೇಳುವುದಿಲ್ಲ. ಎಡ ಅಂಚಿಗೆ ಕಾರು ನಿಲ್ಲಿಸಿ ಹಿಂದೆ ನೋಡದೆ ಬಾಗಿಲು ತೆಗೆದವನಿಗೆ ಹೇಳುವುದಿಲ್ಲ. ಆ ರಸ್ತೆಯನ್ನು ಹಾಗೆ ಕಟ್ಟಿದ ಎಂಜಿನಿಯರನ ಮುಂದಂತೂ ಬಾಯಿಯೇ ಬಿಡುವುದಿಲ್ಲ. ಹತ್ತು ಟನ್ ಕಬ್ಬಿಣ ಮೈಮೇಲೆ ಹರಿದಾಗ ಎರಡು ಬೆರಳು ದಪ್ಪದ ಥರ್ಮೋಕೋಲು ಏನು ಮಾಡೀತು? ಹೆಲ್ಮೆಟ್ ಬೇಡವೆಂದು ನಾನು ಹೇಳುತ್ತಿಲ್ಲ. ಜಾರಿ ಬಿದ್ದಾಗ ತಲೆ ಉಳಿಸುತ್ತದೆ, ಹಾಕಿಕೊಳ್ಳಿ. ಆದರೆ ಸತ್ತವನ ತಲೆಗೇ ಅವನ ಸಾವಿನ ಹೊಣೆಯನ್ನೂ ಕಟ್ಟುವ ಈ ಉಪದೇಶ ನಿಲ್ಲಬೇಕು.

2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳ ಮೇಲೆ 4,800ಕ್ಕೂ ಹೆಚ್ಚು ಸೈಕಲ್ ಸವಾರರು ಸತ್ತರು. ನಡೆದುಕೊಂಡು ಹೋಗುತ್ತಿದ್ದವರು 32,000ಕ್ಕೂ ಮಿಕ್ಕಿ ಸತ್ತರು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವೇ ಅಚ್ಚು ಹಾಕಿಸಿದ ಲೆಕ್ಕ ಇದು. ಸೈಕಲ್‌ನವರದ್ದೇ ದಿನಕ್ಕೆ ಹದಿಮೂರು ಹೆಣ. ಒಂದೇ ಕಡೆ ಹದಿಮೂರು ಜನ ಸತ್ತರೆ ಮಂತ್ರಿ ಓಡಿ ಬರುತ್ತಾನೆ, ಪರಿಹಾರ ಘೋಷಿಸುತ್ತಾನೆ. ಇವರು ಒಬ್ಬೊಬ್ಬರೇ ಸಾಯುತ್ತಾರೆ, ಬೇರೆ ಬೇರೆ ಊರಿನ ಬೇರೆ ಬೇರೆ ತಿರುವಿನಲ್ಲಿ ಸಾಯುತ್ತಾರೆ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲಿನಲ್ಲೂ ಸತ್ತವನ ಕಸುಬು ಓದಿ: ವಾಚ್‌ಮನ್, ಗಾರೆ ಕೆಲಸದವನು, ಪೇಪರ್ ಹಾಕುವ ಹುಡುಗ.

ಬೆಂಗಳೂರಿನಲ್ಲಿ ಸೈಕಲ್ ಸಂಸ್ಕೃತಿ ಬೆಳೆಸಬೇಕು ಎಂದು ಸಭೆಗಳಲ್ಲಿ ಭಾಷಣ ಕೇಳಿದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಯಾರ ಸಂಸ್ಕೃತಿಯನ್ನು ಯಾರು ಬೆಳೆಸುವುದು? ಬೆಳಿಗ್ಗೆ ಐದೂವರೆಗೆ ಮೈಸೂರು ರಸ್ತೆಗೋ ಬೊಮ್ಮಸಂದ್ರದ ಕಡೆಗೋ ಬಂದು ನಿಂತು ನೋಡಿ. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡ್ ಖಾಕಿ ಪ್ಯಾಂಟಿನ ಕಾಲು ಮಡಿಸಿಕೊಂಡು ಬರುತ್ತಾನೆ. ಹ್ಯಾಂಡಲ್ಲಿಗೆ ಟಿಫನ್ ಡಬ್ಬಿ ನೇತುಹಾಕಿಕೊಂಡ ರಾಯಚೂರಿನ, ಕಲಬುರಗಿಯ, ಬಿಹಾರದ ಹುಡುಗರು ಕಟ್ಟಡದ ಸೈಟಿಗೆ ಹೊರಟಿರುತ್ತಾರೆ. ಕ್ಯಾರಿಯರಿನ ಮೇಲೆ ಸ್ಟೀಲ್ ಕ್ಯಾನ್ ಕಟ್ಟಿಕೊಂಡ ಚಹಾದವನು, ಎರಡೂ ಕಡೆ ಎಳನೀರಿನ ಗೊನೆ ಇಳಿಬಿಟ್ಟುಕೊಂಡು ಸವಾರಿ ಮಾಡಲಾಗದೆ ತಳ್ಳಿಕೊಂಡೇ ಹೋಗುವವನು, ಕತ್ತರಿ ಚಾಕುಗಳಿಗೆ ಸಾಣೆ ಹಿಡಿಯುವವನು. ಇವರಲ್ಲಿ ಯಾರೂ ಪರಿಸರ ಉಳಿಸಲು ಹೊರಟವರಲ್ಲ. ಬಸ್ಸಿನ ದುಡ್ಡು ಉಳಿಸಲು, ಬಸ್ಸೇ ಇಲ್ಲದ ಹೊತ್ತಿಗೆ ಕೆಲಸ ಮುಟ್ಟಲು ಹೊರಟವರು. ಇವರಿಗೂ ಮೊದಲು ಬಿನ್ನಿ ಮಿಲ್ಲಿನವರು, ಎಚ್‌ಎಎಲ್‌ನವರು, ಐಟಿಐನವರು, ಎಚ್‌ಎಂಟಿಯವರು ಇದೇ ಊರಿನಲ್ಲಿ ಸೈರನ್ ಆದ ಕೂಡಲೇ ಗೇಟಿನಿಂದ ಸೈಕಲ್ ಹಿಡಿದು ಹೊಳೆಯಂತೆ ಹೊರಗೆ ಹರಿಯುತ್ತಿದ್ದರು. ಈ ನಗರವನ್ನು ಕಟ್ಟಿದ್ದೇ ಸೈಕಲ್ ತುಳಿದ ಕಾಲುಗಳು.

ಆ ಕಾಲದಲ್ಲಿ ಸರ್ಕಾರಕ್ಕೆ ಸೈಕಲ್ ಚೆನ್ನಾಗಿ ಕಣ್ಣಿಗೆ ಬೀಳುತ್ತಿತ್ತು. ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಬಿಲ್ಲೆ ಇಲ್ಲದಿದ್ದರೆ, ಸಂಜೆ ದೀಪ ಇಲ್ಲದಿದ್ದರೆ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡಿದ್ದರೆ ಪೊಲೀಸನು ಗಾಲಿಯ ಗಾಳಿ ಬಿಟ್ಟು ದಂಡ ಹಾಕುತ್ತಿದ್ದ. ಬಡವನ ಸೈಕಲ್ಲಿನಿಂದ ದಶಕಗಟ್ಟಲೆ ವಸೂಲು ಮಾಡಿದವರು ಆ ಸೈಕಲ್ಲಿಗೆ ಒಂದು ಓಣಿಯಷ್ಟು ರಸ್ತೆಯನ್ನೂ ಬಿಟ್ಟುಕೊಡಲಿಲ್ಲ.

2011ರ ಜನಗಣತಿಯಲ್ಲಿ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದೂ ಕೇಳಿದ್ದರು. ಬೇಸಾಯ, ಗೃಹ ಕೈಗಾರಿಕೆ ಬಿಟ್ಟು ಉಳಿದ ಕೆಲಸಗಾರರಲ್ಲಿ ನೂರಕ್ಕೆ 13 ಮಂದಿ ಸೈಕಲ್ಲಿನಲ್ಲಿ ಹೋಗುವವರು. ಕಾರು, ಜೀಪು, ವ್ಯಾನು ಎಲ್ಲ ಸೇರಿ ನೂರಕ್ಕೆ ಮೂರೂ ದಾಟಲಿಲ್ಲ. ಕಾಲ್ನಡಿಗೆಯವರು 22ಕ್ಕೂ ಹೆಚ್ಚು. ಆ ವರ್ಷ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು, ಕಾರು ಇದ್ದದ್ದು ಐದರಲ್ಲೂ ಅಲ್ಲ. ಪ್ರಜಾಪ್ರಭುತ್ವ ಎಂದರೆ ತಲೆ ಎಣಿಸುವುದು ಎಂದಾದರೆ ನಮ್ಮ ರಸ್ತೆಗಳಲ್ಲಿ ಆ ಲೆಕ್ಕ ಎಲ್ಲಿ ಹೋಯಿತು? ರಸ್ತೆ ಅಗಲ ಮಾಡಲು ಮರ ಕಡಿದರು, ಫುಟ್‌ಪಾತ್ ಕಡಿದರು. ಆ ಅಗಲದಲ್ಲಿ ಮೊದಲ ಪಾಲು ನೂರಕ್ಕೆ ಮೂವರಿಗೆ ಹೋಯಿತು.

ಸರ್ಕಾರದ ಕಣ್ಣಿಗೆ ಈಗ ಕಾಣುವ ಸೈಕಲ್ಲೇ ಬೇರೆ. ಭಾನುವಾರ ಬೆಳಿಗ್ಗೆ ರಸ್ತೆ ಬಂದ್ ಮಾಡಿ, ಬಿಳಿ ಟೀ ಶರ್ಟ್ ಹಂಚಿ, ಮಂತ್ರಿ ಮಹೋದಯರು ಹಸಿರು ಬಾವುಟ ಬೀಸಿ, ನೂರು ಗಜ ತುಳಿದು ಫೋಟೊ ತೆಗೆಸಿಕೊಳ್ಳುವ ಸೈಕಲ್. ಲಕ್ಷ ರೂಪಾಯಿಯ ಸೈಕಲ್ ಓಡಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಲಾರಿಯ ಗಾಲಿ ಅವರ ಮೂಳೆಯನ್ನೂ ಮುರಿಯುತ್ತದೆ, ಎಷ್ಟೋ ಕಡೆ ಸೈಕಲ್ ಪಥಕ್ಕಾಗಿ ಮೊದಲು ದನಿ ಎತ್ತಿದವರೂ ಅವರೇ. ನನ್ನ ಸಿಟ್ಟು, ಭಾನುವಾರದ ಸೈಕಲ್ಲಿಗೆ ಬಾವುಟ ಬೀಸಿ ಸೋಮವಾರದ ಸೈಕಲ್ಲನ್ನು ಸಾಯಲು ಬಿಡುವ ವ್ಯವಸ್ಥೆಯ ಮೇಲೆ. ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನೋಡಿ. ನಿವಾಸಿಗಳ ಗೇರ್ ಸೈಕಲ್ಲುಗಳು ನೆಲಮಾಳಿಗೆಯಲ್ಲಿ ನೆರಳಿಗಿರುತ್ತವೆ. ಆ ಸೈಕಲ್ಲುಗಳನ್ನು ಕಾಯುವ ಗಾರ್ಡಿನ ತುಕ್ಕು ಹಿಡಿದ ಅಟ್ಲಾಸು ಕಾಂಪೌಂಡಿನ ಹೊರಗೆ, ಚರಂಡಿಯ ಪಕ್ಕ, ಲೈಟು ಕಂಬಕ್ಕೆ ಬಿಗಿದುಕೊಂಡು ಮಳೆಯಲ್ಲಿ ನೆನೆಯುತ್ತದೆ.

ಇದು ಹೊಸದೇನಲ್ಲ. ದಲಿತರು ಮೇಲ್ಜಾತಿಯವರ ಬೀದಿಗೆ ಬಂದಾಗ ಸೈಕಲ್ಲಿನಿಂದ ಇಳಿದು, ಚಪ್ಪಲಿ ಕೈಗೆ ತೆಗೆದುಕೊಂಡು, ತಳ್ಳಿಕೊಂಡು ಹೋಗಬೇಕಿದ್ದ ಹಳ್ಳಿಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಇದ್ದವು. ಸೀಟಿನ ಮೇಲೆ ಕೂತವನ ತಲೆ ಜಗಲಿಯ ಮೇಲೆ ಕೂತವನ ತಲೆಗಿಂತ ಎತ್ತರವಾಗುತ್ತದಲ್ಲ, ಅದು ಸಹಿಸಲಾಗದ ಅಪರಾಧವಾಗಿತ್ತು. ಹಾಗೆ ಇಳಿಯಲು ಒಪ್ಪದೆ ಏಟು ತಿಂದವರ ಮೊಮ್ಮಕ್ಕಳು ನಗರಕ್ಕೆ ಬಂದರು. ಇಲ್ಲಿ ಜಾತಿಯ ಹೆಸರು ಹೇಳಿ ಯಾರೂ ತಡೆಯುವುದಿಲ್ಲ, ಬೋರ್ಡು ತಡೆಯುತ್ತದೆ. ಕೋಲ್ಕತ್ತಾದಲ್ಲಿ 2013ರಲ್ಲಿ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. ಹಾಲಿನವನು, ಮೀನಿನವನು, ಪೇಪರಿನವನು ರಾತ್ರೋರಾತ್ರಿ ಕಾನೂನು ಮುರಿಯುವವರಾದರು. ದಶಕಗಟ್ಟಲೆ ಎಡಪಂಥೀಯರು ಆಳಿದ ಊರಿನಲ್ಲಿ ಮೊದಲ ಸುತ್ತಿನ ನಿಷೇಧ ಬಂದದ್ದು ಅವರ ಕಾಲದಲ್ಲೇ, 2008ರಲ್ಲಿ, ಎಂಬುದನ್ನೂ ನಾನು ಮರೆಯಲಾರೆ. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಎಂಜಿನ್ನಿಲ್ಲದ ವಾಹನ ಯಾವುದೂ ಹೋಗುವಂತಿಲ್ಲ. ನೂರರ ವೇಗದ ಕಾರುಗಳ ನಡುವೆ ಸೈಕಲ್ ಬೇಡ ಎನ್ನುವ ಮಾತು ನನಗೂ ಅರ್ಥವಾಗುತ್ತದೆ. ಹಾಗಾದರೆ ಆ ವೇಗಕ್ಕೆ ಬಯಲು ಬಿಡುವ ಮೊದಲು ಸೈಕಲ್ಲಿಗೆ ಎಲ್ಲೂ ಮುರಿಯದ, ಬೆಳಕಿರುವ ಪಕ್ಕದ ದಾರಿ ಕಟ್ಟಬೇಕಿತ್ತು. ಹೊಲ ಬಿಟ್ಟುಕೊಟ್ಟ ಮಂಡ್ಯ, ರಾಮನಗರದ ರೈತನ ಮಗಳು ತನ್ನ ಅಪ್ಪನ ನೆಲದ ಮೇಲೆ ಹಾಸಿದ ಡಾಂಬರನ್ನು ಬೇಲಿಯಾಚೆಯಿಂದ ನೋಡಬೇಕೆ?

ದಾರಿ ಹೇಗೆ ಕಟ್ಟಬೇಕೆಂದು ಗೊತ್ತಿಲ್ಲ ಎನ್ನುವ ನೆಪವೂ ಇವರಿಗಿಲ್ಲ. ಸೈಕಲ್ ಪಥ ಎಷ್ಟಗಲ ಇರಬೇಕು, ಯಾವ ರಸ್ತೆಗೆ ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಬರೆದಿಟ್ಟಿದೆ. ಎರಡು ಮೀಟರ್. ಒಂದು ಕಾರು ನಿಲ್ಲಿಸಲು ಬೇಕಾದಷ್ಟೇ ಅಗಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ರಸ್ತೆ ಇರುವುದು ಜನ ಓಡಾಡಲು, ವಾಹನ ಓಡಾಡಲು ಅಲ್ಲ ಎಂದು ನೇರವಾಗಿ ಹೇಳಿತು. ಇಷ್ಟೆಲ್ಲ ಕಾಗದ ಕಪಾಟಿನಲ್ಲಿರುವಾಗ ಬೆಂಗಳೂರಿನಲ್ಲಿ ಆದದ್ದೇನು? 2012ರಲ್ಲಿ ಜಯನಗರದ ಬೀದಿಗಳಲ್ಲಿ ಗೆರೆ ಎಳೆದು ಸೈಕಲ್ ಪಥ ಎಂದರು. ಗೆರೆಯ ಒಳಗೆ ಕಾರುಗಳು ನಿಂತವು. ನಿಲ್ಲಿಸಿದವರು ಬೇರೆ ಗ್ರಹದವರಲ್ಲ, ಅದೇ ಬಡಾವಣೆಯ ಸುಶಿಕ್ಷಿತರು. 2020ರಲ್ಲಿ ಕೋವಿಡ್ ಹೊತ್ತಿಗೆ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಮತ್ತೊಂದು ಪಥ ಮಾಡಿದರು. ಕಂಬಗಳನ್ನು ಗಾಡಿಗಳು ಮುರಿದವು, ಬೈಕುಗಳು ಒಳನುಗ್ಗಿದವು, ಕೊನೆಗೆ ಮೆಟ್ರೊ ಕಾಮಗಾರಿ ಬಂದು ಉಳಿದದ್ದನ್ನೂ ಕಿತ್ತುಹಾಕಿತು. ಟೆಂಡರ್ ಶ್ಯೂರ್ ಯೋಜನೆಯ ರಸ್ತೆಗಳಲ್ಲಿ ಚಂದದ ಕಲ್ಲು ಹಾಸಿ ಪಥ ಬಿಟ್ಟರೂ ಅಲ್ಲಿ ಸ್ಕೂಟರು ನಿಲ್ಲುತ್ತದೆ. ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಹಕ್ಕು ಕೊಡಲು ನಗರ ಭೂ ಸಾರಿಗೆ ನಿರ್ದೇಶನಾಲಯ ಒಂದು ಸಕ್ರಿಯ ಸಂಚಾರ ಮಸೂದೆಯ ಕರಡನ್ನೇ ಬರೆಯಿತು. ವರ್ಷಗಳು ಉರುಳಿದರೂ ಅದು ಕಾಯಿದೆಯಾಗಿ ಹೊರಬರಲಿಲ್ಲ. ಆಮೇಲೆ ಏನಂತಾರೆ ಗೊತ್ತೇ? ಪಥ ಮಾಡಿದೆವು, ಜನ ಬಳಸಲಿಲ್ಲ. ಕಾರು ನಿಂತ ಜಾಗದಲ್ಲಿ, ಇನ್ನೂರು ಮೀಟರಿಗೆ ತುಂಡಾಗಿ ಟ್ರಾನ್ಸ್‌ಫಾರ್ಮರಿನ ಬುಡಕ್ಕೆ ಮುಗಿಯುವ ಪಟ್ಟಿಯಲ್ಲಿ ಜನ ಎಲ್ಲಿಂದ ಎಲ್ಲಿಗೆ ತುಳಿಯಬೇಕಿತ್ತು?

ಸೈಕಲ್ ಸವಾರ ಹೇಗೆ ಸಾಯುತ್ತಾನೆ ಎಂಬುದನ್ನು ಈ ರಸ್ತೆ ಮಾಡುವವರು ಒಮ್ಮೆಯಾದರೂ ಪೊಲೀಸ್ ಠಾಣೆಗೆ ಹೋಗಿ ಓದಬೇಕು. ಟಿಪ್ಪರು ಎಡಕ್ಕೆ ತಿರುಗುತ್ತದೆ. ಚಾಲಕನ ಎತ್ತರದ ಕ್ಯಾಬಿನ್ನಿಂದ ಎಡ ಬಾಗಿಲ ಕೆಳಗಿನ ನೆಲ ಕಾಣುವುದಿಲ್ಲ. ಸೈಕಲ್ ಅಲ್ಲೇ ಇರುತ್ತದೆ, ಏಕೆಂದರೆ ಎಡಕ್ಕೇ ಇರು ಎಂದು ಎಲ್ಲರೂ ಹೇಳಿದ್ದಾರೆ. ಮುಂದಿನ ಗಾಲಿ ದಾಟುತ್ತದೆ, ಹಿಂದಿನ ಗಾಲಿ ಒಳಗೆ ಕೊಯ್ದುಕೊಂಡು ಬರುತ್ತದೆ. ಎರಡು ಗಾಲಿಗಳ ನಡುವೆ ಮನುಷ್ಯ ಒಳಗೆ ಹೋಗದಂತೆ ಅಡ್ಡಪಟ್ಟಿ ಇರಬೇಕೆಂದು ನಿಯಮವಿದೆ. ಎಷ್ಟು ಟಿಪ್ಪರುಗಳಲ್ಲಿ ಅದು ನೆಟ್ಟಗಿದೆ ಎಂದು ನಿಮ್ಮ ಮನೆ ಮುಂದೆ ಜಲ್ಲಿ ಸುರಿಯಲು ಬಂದ ಲಾರಿಯನ್ನೇ ಬಗ್ಗಿ ನೋಡಿ. ಇಲ್ಲದಿದ್ದರೆ ಆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿನ ಮೇಲಿರುವ ಸಹಿ ಯಾರದು ಎಂದು ಕೇಳಿ. ಟಿಪ್ಪರ್ ಚಾಲಕನೂ ಬಡವನೇ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಎಣಿಸಿಕೊಳ್ಳುವವನು ನಿಧಾನವಾಗಿ ಓಡಿಸಿದರೆ ಆ ದಿನದ ಅನ್ನ ಹೋಗುತ್ತದೆ. ಇಬ್ಬರು ಬಡವರನ್ನು ಒಂದೇ ತಿರುವಿನಲ್ಲಿ ಎದುರುಬದುರು ನಿಲ್ಲಿಸಿ, ಒಬ್ಬನನ್ನು ಹೆಣ ಮಾಡಿ ಇನ್ನೊಬ್ಬನನ್ನು ಜೈಲಿಗೆ ಕಳಿಸಿದರೆ ಗಾಡಿಯ ಮಾಲೀಕನಿಗೂ ಗುತ್ತಿಗೆದಾರನಿಗೂ ತಾಗುವುದೇನು?

ವೇಗದ ವಿಷಯವೂ ಹೀಗೆಯೇ. ಮೂವತ್ತರ ವೇಗ ಅರವತ್ತಾದರೆ ಡಿಕ್ಕಿಯ ಹೊಡೆತ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ. ಮನುಷ್ಯರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಎಂದು 2020ರ ಫೆಬ್ರವರಿಯಲ್ಲಿ ರಸ್ತೆ ಸುರಕ್ಷತೆಯ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ನಮ್ಮ ಊರಲ್ಲಿ ಶಾಲೆಯ ಮುಂದಿನ ಹಂಪನ್ನು ಮಂತ್ರಿಯ ಕಾರು ಕುಲುಕುತ್ತದೆಂದು ರಾತ್ರೋರಾತ್ರಿ ಕೆತ್ತಿಹಾಕುತ್ತಾರೆ.

ಇನ್ನು ಸತ್ತ ಮೇಲೆ? ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ ಸತ್ತವನ ಮನೆಯವರಿಗೆ 2022ರ ಏಪ್ರಿಲ್‌ವರೆಗೆ ಕಾನೂನು ಕೊಡುತ್ತಿದ್ದುದು 25,000 ರೂಪಾಯಿ. ಈಗ 2 ಲಕ್ಷ. ಆ ಹಣ ಕೇಳಬಹುದು ಎಂದು ಆಸ್ಪತ್ರೆಯ ಶವಾಗಾರದ ಮುಂದೆ ಅಳುತ್ತ ಕೂತ ಹೆಂಡತಿಗೆ ಹೇಳುವವರು ಯಾರು?

ದುಡ್ಡಿಲ್ಲ ಎನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ದೇಶದ ತುಂಬ ಸೈಕಲ್ ಪಥ ಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಜನ ಕೊಳೆಗೇರಿಗಳಲ್ಲಿ ಬದುಕುತ್ತಿದ್ದಾರೆ, ಅವರಿಗೆ ಮನೆ ಕೊಡಲು ರಾಜ್ಯಗಳ ಹತ್ತಿರ ಹಣವಿಲ್ಲ, ಸೈಕಲ್ ಪಥದ ಕನಸು ಕಾಣುತ್ತಿದ್ದೇವೆ ಎಂಬ ಅರ್ಥದ ಮಾತು ಪೀಠದಿಂದ ಬಂತು. ನ್ಯಾಯಪೀಠದ ಮೇಲೆ ಗೌರವವಿಟ್ಟೇ ಕೇಳುತ್ತೇನೆ: ಆ ಕೊಳೆಗೇರಿಯಿಂದ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವನು ಯಾವುದರ ಮೇಲೆ ಹೋಗುತ್ತಾನೆ ಎಂದುಕೊಂಡಿದ್ದೀರಿ? ಮನೆಯೋ ಪಥವೋ ಎಂದು ಆರಿಸಲು ಹೇಳುವುದು ಅವನಿಗೆ ಮಾತ್ರ ಯಾಕೆ? ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ಸುರಂಗ ಕೊರೆಯುವ ಯೋಜನೆಯ ಅಂದಾಜು 17,000 ಕೋಟಿ ರೂಪಾಯಿಗೂ ಹೆಚ್ಚು. ಉದ್ದ ಸುಮಾರು 17 ಕಿಲೋಮೀಟರ್. ಮೀಟರಿಗೆ ಒಂದು ಕೋಟಿ! ಮನೆಯೋ ಸುರಂಗವೋ ಎಂದು ಯಾರೂ ಕೇಳುವುದಿಲ್ಲ. ತೆರಿಗೆಯಲ್ಲೂ ಇದೇ ನ್ಯಾಯ. 2019ರ ಆಗಸ್ಟ್‌ನಿಂದ 2025ರ ಸೆಪ್ಟೆಂಬರ್‌ವರೆಗೆ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5, ಸೈಕಲ್ಲಿಗೆ ಶೇ 12. ಆರು ವರ್ಷ! ಹೊಗೆ ಬಿಡದ ವಾಹನಕ್ಕೆ ರಿಯಾಯಿತಿ ಎಂದರಲ್ಲ, ಸೈಕಲ್ ಯಾವ ಹೊಗೆ ಬಿಡುತ್ತಿತ್ತು? ಆ ನಡುವೆಯೇ, 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆಯ ಗೇಟಿನಲ್ಲಿ ಕೆಲಸ ನಿಂತಿತೆಂಬ ನೋಟಿಸು ಅಂಟಿತು.

ಕಟ್ಟಿದ ಪಥವನ್ನೂ ಉಳಿಯಲು ಬಿಡುವುದಿಲ್ಲ. ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ ಬಸ್ಸಿಗೂ ಸೈಕಲ್ಲಿಗೂ ಪ್ರತ್ಯೇಕ ಪಥ ಕೊಟ್ಟಾಗ ಕಾರಿನವರು ಕೋರ್ಟಿಗೆ ಹೋದರು. ಸಂಪತ್ತು ಸೃಷ್ಟಿಸುವವರು ಟ್ರಾಫಿಕ್ಕಿನಲ್ಲಿ ಕಾಯಬೇಕಾಗಿದೆ ಎಂಬುದೂ ಅವರ ವಾದಗಳಲ್ಲಿ ಒಂದಾಗಿತ್ತು. 2012ರಲ್ಲಿ ಹೈಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. 2016ರಲ್ಲಿ ಸರ್ಕಾರವೇ ಆ ಪಥವನ್ನು ಒಡೆದುಹಾಕಿತು. ಕೋರ್ಟಿನಲ್ಲಿ ಸೋತವರು ಬುಲ್ಡೋಜರಿನಲ್ಲಿ ಗೆದ್ದರು. ಸಂಪತ್ತು ಸೃಷ್ಟಿಸುವವರು! ಇಟ್ಟಿಗೆ ಹೊತ್ತವನು, ಬಟ್ಟೆ ಹೊಲಿದವಳು, ಕಸ ಎತ್ತಿದವಳು ಏನನ್ನು ಸೃಷ್ಟಿಸುತ್ತಿದ್ದಾರೆ ಹಾಗಾದರೆ?

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಹೇಳಲೇಬೇಕು. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಕಲ್ಲುಕ್ವಾರಿಯ ಹೆಂಗಸರು, ಕೂಲಿ ಹೆಂಗಸರು, ಅಂಗನವಾಡಿಯವರು ಸೇರಿ ಲಕ್ಷದಷ್ಟು ಮಂದಿ ಸೀಟೇರಿದರು. ಗಂಡನೋ ಮಗನೋ ಬಂದು ಕರೆದೊಯ್ಯಲಿ ಎಂದು ಕಾಯುವುದು ತಪ್ಪಿತು. ನಮ್ಮಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಾಗ ಹಳ್ಳಿಯ ರಸ್ತೆಗಳಲ್ಲಿ ನೀಲಿ ಸಮವಸ್ತ್ರದ ಹುಡುಗಿಯರ ಸಾಲು ಹೊರಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಳನೇ ತರಗತಿಗೆ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದ ಅಪ್ಪಂದಿರ ಬಾಯಿ ಮುಚ್ಚಿಸಿದ ಯೋಜನೆ ಅದು. ಕೋವಿಡ್ ನೆಪದಲ್ಲಿ ನಿಲ್ಲಿಸಿದರು, ಶಾಲೆಗಳು ತೆರೆದ ಮೇಲೂ ವರ್ಷ ವರ್ಷ ಮುಂದೂಡಿದರು. ಅದೇ ಹುಡುಗಿ ಓದು ಮುಗಿಸಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬಂದರೆ ಸೈಕಲ್ ಮುಟ್ಟುವುದಿಲ್ಲ. ಸಂಜೆ ಏಳಕ್ಕೆ ಫ್ಲೈಓವರಿನ ಕೆಳಗಿನ ಕತ್ತಲಲ್ಲಿ, ಹಿಂದಿನಿಂದ ಹಾರ್ನ್ ಬಾರಿಸಿ ಒತ್ತರಿಸುವ ಗಾಡಿಗಳ ನಡುವೆ, ಮೈ ಮುಟ್ಟಿ ಓಡುವ ಬೈಕಿನವರ ನಡುವೆ ಯಾರು ತುಳಿದಾರು? ಹದಿಮೂರು ವರ್ಷಕ್ಕೆ ಸಿಕ್ಕ ರೆಕ್ಕೆಯನ್ನು ನಗರ ಹತ್ತೊಂಬತ್ತಕ್ಕೆ ಕಿತ್ತುಕೊಳ್ಳುತ್ತದೆ. ಅವಳು ಟೆಂಪೊದ ಹಿಂದೆ ಕುರಿಗಳಂತೆ ತುಂಬಿಕೊಂಡು ಹೋಗುತ್ತಾಳೆ, ಅಥವಾ ನಡೆಯುತ್ತಾಳೆ.

ಇದೆಲ್ಲ ನಮ್ಮ ದೇಶದ ಹಣೆಬರಹ, ಹಾಲೆಂಡಿನವರ ಮಾತೇ ಬೇರೆ, ಅವರ ರಕ್ತದಲ್ಲೇ ಸೈಕಲ್ ಇದೆ ಎನ್ನುವವರು ಚರಿತ್ರೆ ಓದಲಿ. 1950, 60ರ ದಶಕಗಳಲ್ಲಿ ಆ ದೇಶವೂ ಕಾರಿಗಾಗಿ ಬೀದಿಗಳನ್ನು ಒಡೆಯಿತು. 1971ರ ಒಂದೇ ವರ್ಷ ಅಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತನ್ನ ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ ಅದನ್ನು ಅಪಘಾತ ಎಂದು ಕರೆಯಲು ಒಪ್ಪದೆ ಮಕ್ಕಳ ಕೊಲೆ ನಿಲ್ಲಿಸಿ ಎಂದು ಬರೆದ. ಅದೇ ಹೆಸರಿನಲ್ಲಿ ಚಳವಳಿ ಎದ್ದಿತು. ತಾಯಂದಿರು ಬೀದಿ ಅಡ್ಡಗಟ್ಟಿದರು. ಸಾವಿರಾರು ಜನ ಆಮ್‌ಸ್ಟರ್‌ಡಾಮಿನ ಬಯಲಲ್ಲಿ ಸೈಕಲ್ ಪಕ್ಕಕ್ಕಿಟ್ಟುಕೊಂಡು ಹೆಣಗಳಂತೆ ಮಲಗಿದರು. ಇವತ್ತು ಅಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುವ ನಮ್ಮ ಅಧಿಕಾರಿಗಳು ನೋಡುವ ಕೆಂಪು ಡಾಂಬರಿನ ಪಥ, ಹಾಗೆ ಬೀದಿಯಲ್ಲಿ ಮಲಗಿದವರು ಕಿತ್ತುಕೊಂಡದ್ದು.

ನಮ್ಮವರು ಯಾಕೆ ಮಲಗಲಿಲ್ಲ ಎಂದು ಕೇಳುವ ಮೊದಲು, ಒಂದು ದಿನ ರಜೆ ಹಾಕಿದರೆ ಕೂಲಿ ಕಡಿತವಾಗುವವನು ಯಾವ ಬಯಲಲ್ಲಿ ಮಲಗಲಿ ಎಂದೂ ಕೇಳಿಕೊಳ್ಳಬೇಕು. ಹಾಗಾಗಿ ಈ ಕೆಲಸ ಸಂಘಟನೆಗಳದ್ದು. ಗಾರ್ಮೆಂಟ್ಸ್ ಯೂನಿಯನ್ನುಗಳು, ಕಟ್ಟಡ ಕಾರ್ಮಿಕರ ಸಂಘಗಳು, ಪೌರಕಾರ್ಮಿಕರ ಸಂಘಗಳು, ದಲಿತ ಸಂಘಟನೆಗಳು ಕೂಲಿ, ಪಿಎಫ್‌ಗಳ ಜೊತೆಗೆ ಕೆಲಸಕ್ಕೆ ಜೀವಂತ ಹೋಗಿ ಜೀವಂತ ಬರುವ ದಾರಿಯನ್ನೂ ಬೇಡಿಕೆಯ ಪಟ್ಟಿಯಲ್ಲಿ ಬರೆಯಬೇಕು. ಭಾನುವಾರದ ಸೈಕಲ್ ಕ್ಲಬ್ಬುಗಳು ಇವರ ಪಕ್ಕದಲ್ಲಿ ಬಂದು ನಿಲ್ಲಲಿ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ಅಧಿಕಾರಿಗಳೇ ಈ ಊರನ್ನು ಅಗೆದರು, ಮುಚ್ಚಿದರು, ಮತ್ತೆ ಅಗೆದರು. ವೋಟು ಕೇಳಲು ಯಾರಾದರೂ ಕೈಮುಗಿದುಕೊಂಡು ನಿಮ್ಮ ಓಣಿಗೆ ಬಂದಾಗ ಅವನ ಕಾರಿನ ಮುಂದೆ ನಿಮ್ಮ ಸೈಕಲ್ ಅಡ್ಡ ಇಡಿ. ಈ ಓಣಿಯಿಂದ ಕಾರ್ಖಾನೆಯ ಗೇಟಿನವರೆಗೆ, ಎಲ್ಲೂ ತುಂಡಾಗದೆ, ಕಾರು ಹತ್ತದಂತೆ ಕಲ್ಲಿನ ಕಟ್ಟೆ ಕಟ್ಟಿ, ದೀಪ ಹಾಕಿ, ಎರಡು ಮೀಟರ್ ಕೊಡುತ್ತೀಯೋ ಇಲ್ಲವೋ, ಯಾವ ತಿಂಗಳು ಕೊಡುತ್ತೀ, ಬರೆದುಕೊಡು ಎನ್ನಿ. ಬರೆದುಕೊಡುವ ತನಕ ಸೈಕಲ್ ತೆಗೆಯಬೇಡಿ.